ಲೆಕ್ಕಕ್ಕಿಲ್ಲದವರು ಇಟ್ಟ ಲೆಕ್ಕ

ಅಮ್ಮನಿಗೆ ಕರುಳಿನ ಆಪರೇಷನ್ ಆಗಿತ್ತು. ಆರು ದಿನ ಬಾಯಿಗೆ ಏನೂ ಕೊಡಬಾರದು ಅಂದಿದ್ದರು. ಡ್ರಿಪ್ ಮಾತ್ರ. ತುಟಿ ಒಣಗಿದರೆ ಒದ್ದೆ ಹತ್ತಿಯಲ್ಲಿ ಒರೆಸಬಹುದು, ಅಷ್ಟೇ. ಮೂರನೇ ರಾತ್ರಿ ಹನ್ನೊಂದರ ಹೊತ್ತಿಗೆ, ವಾರ್ಡಿನ ದೀಪ ಆರಿಸಿದ ಮೇಲೆ, ಅಮ್ಮ ಇದ್ದಕ್ಕಿದ್ದ ಹಾಗೆ ಪತ್ರೊಡೆ ಮಾಡುವ ಕ್ರಮ ಹೇಳಲು ಶುರು ಮಾಡಿದರು. ಹೇಳಿದ್ದು ಪಕ್ಕದ ಮಂಚದವರಿಗೆ. ಅವರು ಗದಗದ ಕಡೆಯವರು. ಅವರಿಗೂ ಹೊಟ್ಟೆಯದೇ ಆಪರೇಷನ್, ಅವರಿಗೂ ಉಪವಾಸ. ಮರಕೆಸುವಿನ ಎಲೆಯೇ ಆಗಬೇಕು. ದಪ್ಪ ನರ ಹೆರೆದು ತೆಗೆಯಬೇಕು. ಅಕ್ಕಿ ನೆನೆಸಿ ತರಿತರಿಯಾಗಿ ರುಬ್ಬಬೇಕು. ಹುಣಸೆಹಣ್ಣು ಧಾರಾಳ ಇರಲಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. "ಬೆಲ್ಲ ಎಷ್ಟ್ ಹಾಕ್ತೀರಿ ಅಕ್ಕಾರ?" ಅಂತ ಕತ್ತಲಲ್ಲಿ ಆ ಕಡೆಯಿಂದ ಪ್ರಶ್ನೆ ಬಂತು. "ಒಂದು ಲಿಂಬೆಹಣ್ಣಿನಷ್ಟು ಸಾಕು ಮಾರಾಯ್ತಿ." ಆಮೇಲೆ ಅವರ ಸರದಿ. ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹುರಿಯಬೇಕು, ಬದನೆಕಾಯಿ ಎಷ್ಟು ಸೀಳಬೇಕು, ಎಲ್ಲಿಗೆ ನಿಲ್ಲಿಸಬೇಕು. ನನಗೆ ಸಿಟ್ಟು ಬಂತು. ನೀರು ಕೂಡ ಕುಡಿಯುವ ಹಾಗಿಲ್ಲದವರು ಹೀಗೆ ಮಾತಾಡಿ ಯಾಕೆ ಹೊಟ್ಟೆ ಉರಿಸಿಕೊಳ್ಳಬೇಕು? ಸುಮ್ನೆ ಮಲಗಿ ಅಂತ ಗದರಿದೆ. ಅಮ್ಮ ಹೇಳಿದ್ದು ಇಷ್ಟೇ: "ನೀನು ಸುಮ್ನಿರು. ಹೇಳದೆ ಇದ್ರೆ ಮರೆತು ಹೋಗುತ್ತೆ."

ಎರಡು ವರ್ಷ ಕಳೆದು ರಾವೆನ್ಸ್‌ಬ್ರೂಕ್ ಬಗ್ಗೆ ಓದುವಾಗ ಆ ರಾತ್ರಿ ಮತ್ತೆ ಎದ್ದು ಬಂತು. ಬರ್ಲಿನ್‌ನಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಒಂದು ಕೆರೆಯ ದಡದಲ್ಲಿ, ನಾಜಿಗಳು 1939ರಲ್ಲಿ ಹೆಂಗಸರಿಗಾಗಿಯೇ ತೆರೆದ ಕ್ಯಾಂಪ್ ಅದು. ಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನ ಎಲ್ಲ ಕಡೆಯಿಂದ ಒಂದು ಲಕ್ಷಕ್ಕಿಂತ ಜಾಸ್ತಿ ಹೆಂಗಸರನ್ನು ಅಲ್ಲಿಗೆ ತಂದಿದ್ದರು. ಹಸಿದ ಹೆಂಗಸರು ರಾತ್ರಿ ಹಲಗೆ ಮಂಚಗಳ ಮೇಲೆ ಒತ್ತೊತ್ತಾಗಿ ಮಲಗಿ ಒಬ್ಬರಿಗೊಬ್ಬರು ಅಡುಗೆ ಹೇಳಿಕೊಳ್ಳುತ್ತಿದ್ದರು. ಚೂರು ಕಾಗದ ಸಿಕ್ಕರೆ ಬರೆದಿಟ್ಟುಕೊಳ್ಳುತ್ತಿದ್ದರು. ಬೆಣ್ಣೆ ಇಷ್ಟು, ಮೊಟ್ಟೆ ಇಷ್ಟು, ಒಲೆಯ ಉರಿ ಇಷ್ಟು. ಕೈಯಲ್ಲಿ ಇದ್ದದ್ದು ಮಾತ್ರ ಬೇಯಿಸಿದ ಗೆಡ್ಡೆಯ ನೀರು ಮತ್ತು ದಿನಕ್ಕೊಂದು ತುಂಡು ರೊಟ್ಟಿ. ಅದನ್ನು ಓದುವಾಗಲೇ ಅಮ್ಮನ ದನಿ ಕೇಳಿಸಿತು. ಮುಂದಿನ ಪುಟದಲ್ಲಿ ಇನ್ನೊಂದು ಸಂಗತಿ ಇತ್ತು. ಜೆರ್ಮೇನ್ ತಿಯೋನ್ ಅನ್ನುವ ಫ್ರೆಂಚ್ ಮಹಿಳೆ 1945ರ ಏಪ್ರಿಲ್‌ನಲ್ಲಿ ಆ ಕ್ಯಾಂಪಿನಿಂದ ಹೊರಬರುವಾಗ ಅವರ ಬಳಿಯೂ ಅಡುಗೆ ಬರೆದ ಕಾಗದ ಇತ್ತು. ಆದರೆ ಆ ಅಡುಗೆಯ ಸಾಲುಗಳೊಳಗೆ ಅವರು ಬಚ್ಚಿಟ್ಟಿದ್ದು ಕ್ಯಾಂಪ್ ನಡೆಸುತ್ತಿದ್ದ, ಹಿಟ್ಲರನ ಎಸ್‌ಎಸ್ ಪಡೆಯ ಅಧಿಕಾರಿಗಳ ಹೆಸರುಗಳನ್ನು. ಕಾವಲಿನವರು ಜೇಬು ತಡಕಿದರೂ ಕಾಣುವುದು ಹಸಿದ ಹೆಂಗಸಿನ ಊಟದ ಹಂಬಲ. ಅಷ್ಟಕ್ಕೆ ಬಿಟ್ಟುಬಿಡುತ್ತಾರೆ.

ಆಸ್ಪತ್ರೆಯ ಆರು ದಿನವನ್ನೂ ಆ ನರಕವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುತ್ತಿಲ್ಲ. ಅಮ್ಮನ ಸುತ್ತ ಇದ್ದವರೆಲ್ಲ ಅವರನ್ನು ಬದುಕಿಸಲು ಇದ್ದವರು. ಆದರೆ ಆ ಕಾಗದ ನನ್ನನ್ನು ಬಿಡಲಿಲ್ಲ. ಇಂಥ ಹೆಂಗಸರ ಬಗ್ಗೆ ಬರೆಯುವಾಗ ನಾವು ಬೇಗ ಬೇಗ ಧೀರೆ, ಗಟ್ಟಿಗಿತ್ತಿ, ಉಕ್ಕಿನ ಮಹಿಳೆ ಅಂದುಬಿಡುತ್ತೇವೆ. ಅಂದ ಮೇಲೆ ಅವರು ದಿನವಿಡೀ ಏನು ಮಾಡಿದರು ಅಂತ ಕೇಳುವುದಿಲ್ಲ. ಬೆಳಗಿನ ಮೂರೂವರೆಯಿಂದ ರಾತ್ರಿಯ ತನಕ, ಒಂದೂವರೆ ವರ್ಷ. ಏನು ಹಿಡಿದುಕೊಂಡು ಒಬ್ಬ ಮನುಷ್ಯಳು ಆ ದಿನಗಳನ್ನು ದಾಟುತ್ತಾಳೆ? ಜೆರ್ಮೇನ್ ಅವರ ಬಗ್ಗೆ ಓದಿದಷ್ಟೂ ನನಗೆ ಕನ್ನಡದ ಒಂದೇ ಶಬ್ದ ಮತ್ತೆ ಮತ್ತೆ ಎದುರಾಯಿತು. ಲೆಕ್ಕ.

ಬೆಟ್ಟದಿಂದ ಜೈಲಿಗೆ

ಜೆರ್ಮೇನ್ 1907ರಲ್ಲಿ ಹುಟ್ಟಿದವರು. ಓದಿದ್ದು ಮಾನವಶಾಸ್ತ್ರ. 1934ರಿಂದ 1940ರ ನಡುವೆ ನಾಲ್ಕು ಸಲ ಅಲ್ಜೀರಿಯಾದ ಔರೆಸ್ ಬೆಟ್ಟಗಳಿಗೆ ಹೋಗಿ ಅಲ್ಲಿನ ಶಾವಿಯಾ ಜನರ ನಡುವೆ ಇದ್ದರು. ಯಾರು ಯಾರಿಗೆ ನೆಂಟರು, ಯಾವ ಹೊಲ ಯಾರದು, ಜಗಳ ಹೇಗೆ ಹುಟ್ಟುತ್ತದೆ, ಹೇಗೆ ಮುಗಿಯುತ್ತದೆ, ಇದನ್ನೆಲ್ಲ ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಕೂತು ಕೇಳುವ, ತಾಳೆ ನೋಡುವ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಒರೆಗೆ ಹಚ್ಚುವ ಅಭ್ಯಾಸ ಅಲ್ಲಿಂದ ಬಂದದ್ದು. ಮುಂದೆ ಅವರನ್ನು ಕಾದದ್ದು ಈ ಅಭ್ಯಾಸವೇ ಅಂತ ನನಗೆ ಅನ್ನಿಸುತ್ತದೆ.

1940ರ ಜೂನ್‌ನಲ್ಲಿ ಅವರು ಫ್ರಾನ್ಸಿಗೆ ವಾಪಸ್ ಬಂದಾಗ ದೇಶ ಕುಸಿದು ಬೀಳುತ್ತಿತ್ತು. ಕೆಲವೇ ವಾರಗಳಲ್ಲಿ ಪಾಲ್ ಓಎ ಅನ್ನುವ ವಯಸ್ಸಾದ ಕರ್ನಲ್ ಜೊತೆ ಸೇರಿ ಯುದ್ಧಕೈದಿಗಳನ್ನು ತಪ್ಪಿಸುವುದು, ಸುದ್ದಿ ಸಾಗಿಸುವುದು ಶುರು ಮಾಡಿದರು. ಪ್ಯಾರಿಸ್ಸಿನ ಮಾನವ ವಸ್ತುಸಂಗ್ರಹಾಲಯದಲ್ಲೂ ಇಂಥದ್ದೇ ಗುಂಪು ಹುಟ್ಟಿತ್ತು. ಅದರ ಬೋರಿಸ್ ವಿಲ್ಡೆ ಮತ್ತು ಇನ್ನೂ ಆರು ಜನರನ್ನು 1942ರ ಫೆಬ್ರವರಿ 23ರಂದು ಜರ್ಮನರು ಗುಂಡಿಟ್ಟು ಕೊಂದರು. ಉಳಿದ ಎಳೆಗಳನ್ನು ಜೆರ್ಮೇನ್ ಹಿಡಿದುಕೊಂಡರು. ಅದೇ ವರ್ಷ ಆಗಸ್ಟ್ 13ರಂದು ಪ್ಯಾರಿಸ್ಸಿನ ಗಾರ್ ದ ಲಿಯೋ ರೈಲು ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಹಿಡಿದುಕೊಟ್ಟವನು ಒಬ್ಬ ಪಾದ್ರಿ, ರೋಬೇರ್ ಅಲೆಶ್. ಗುಂಪಿನವರು ಅವನನ್ನು ತಮ್ಮವನೆಂದು ನಂಬಿದ್ದರು. ಜರ್ಮನ್ ಸೇನಾ ಗೂಢಚಾರ ಇಲಾಖೆಯಿಂದ ಅವನಿಗೆ ಸಂಬಳ ಬರುತ್ತಿತ್ತು. ಅದೇ ಆಗಸ್ಟಿನಲ್ಲಿ ಜೆರ್ಮೇನ್ ಅವರ ಅಮ್ಮ ಎಮಿಲಿಯವರನ್ನೂ ಮನೆಯಿಂದ ಎಳೆದೊಯ್ದರು. ಆಗ ಅವರಿಗೆ 66 ವರ್ಷ. ಕಲೆಯ ಬಗ್ಗೆ ಬರೆಯುತ್ತಿದ್ದವರು. ಮಗಳ ಜೊತೆ ಅವರೂ ಈ ಕೆಲಸದಲ್ಲಿ ಇದ್ದರು, ಮನೆ ಬಾಗಿಲು ತೆರೆದಿಟ್ಟಿದ್ದರು.

ಜೈಲಿನಲ್ಲಿ ಜೆರ್ಮೇನ್ ಮೇಲೆ ಹೊರಿಸಿದ್ದು ಐದು ಆರೋಪ. ಐದಕ್ಕೂ ಮರಣದಂಡನೆಯೇ. ಹಾಗಿದ್ದೂ ಫ್ರೆನ್ ಜೈಲಿನ ಕೋಣೆಯಲ್ಲಿ ಕೂತು ಔರೆಸ್ ಬಗೆಗಿನ ತಮ್ಮ ಪ್ರಬಂಧ ಬರೆಯುತ್ತ ಹೋದರು. 1943ರ ಅಕ್ಟೋಬರ್‌ನಲ್ಲಿ ವಿಚಾರಣೆಯೇ ಇಲ್ಲದೆ ಜರ್ಮನಿಗೆ ಸಾಗಿಸಿದರು. 'ರಾತ್ರಿ ಮತ್ತು ಮಂಜು' ಅನ್ನುವ ಹಿಟ್ಲರನ ಆಜ್ಞೆಯ ಕೆಳಗೆ ಬಂದವರು ಅವರು. ಈ ಆಜ್ಞೆಯ ಅರ್ಥ ಸರಳ. ಮನುಷ್ಯ ಮಂಜಿನಲ್ಲಿ ಕರಗಿದ ಹಾಗೆ ಕಾಣೆಯಾಗಬೇಕು. ಮನೆಗೆ ಕಾಗದ ಇಲ್ಲ, ಮನೆಯಿಂದ ಪೊಟ್ಟಣ ಇಲ್ಲ, ಎಲ್ಲಿದ್ದಾರೆ, ಇದ್ದಾರಾ ಇಲ್ಲವಾ ಅನ್ನುವ ಸುದ್ದಿಯೂ ಇಲ್ಲ. ಜೆರ್ಮೇನ್ ಜೊತೆಗೆ ಒಂದು ಸೂಟ್‌ಕೇಸ್ ಒಯ್ದರು. ಅದರಲ್ಲಿ ವರ್ಷಗಟ್ಟಲೆ ಕೂಡಿಹಾಕಿದ ಟಿಪ್ಪಣಿಗಳು, ಪ್ರಬಂಧದ ಹಸ್ತಪ್ರತಿ. ರಾವೆನ್ಸ್‌ಬ್ರೂಕ್ ಬಾಗಿಲಲ್ಲಿ ಅದನ್ನು ಕಿತ್ತುಕೊಂಡರು. ಆ ಕಾಗದಗಳು ಮತ್ತೆ ಸಿಗಲಿಲ್ಲ.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಾವು ಚಿಕ್ಕವರಿದ್ದಾಗ ಮನೆಯ ಪುಟ್ಟ ಮಕ್ಕಳು ಹಟ ಹಿಡಿದರೆ ಕಣ್ಣಾಮುಚ್ಚಾಲೆಗೆ ಸೇರಿಸಿಕೊಂಡು ಹಾಗೆ ಹೇಳುತ್ತಿದ್ದೆವು, ಅಲ್ವಾ? ಓಡಬಹುದು, ಅಡಗಬಹುದು, ಸಿಕ್ಕರೂ ಔಟ್ ಇಲ್ಲ. ಆ ಮಾತಿನಲ್ಲಿ ಮಕ್ಕಳ ಮೇಲಿನ ಅಕ್ಕರೆ ಇತ್ತು. ರಾವೆನ್ಸ್‌ಬ್ರೂಕ್‌ನ ಒಂದು ಶಬ್ದ ಓದಿದಾಗ ಇದೇ ಮಾತು ನೆನಪಾಗಿ ಮೈ ತಣ್ಣಗಾಯಿತು. ಆ ಶಬ್ದ 'ಫೆರ್‌ಫ್ಯೂಗ್‌ಬಾರ್'. ಜರ್ಮನ್‌ನಲ್ಲಿ ಅದರ ಅರ್ಥ ಬೇಕಾದಾಗ ಬಳಸಲು ಕೈಗೆ ಸಿಗುವಂಥದ್ದು. ಯಾವ ಕಾರ್ಖಾನೆಗೂ, ಯಾವ ಹೊಲಿಗೆ ಕೋಣೆಗೂ ಹೆಸರು ಬರೆಸದ ಕೈದಿಗಳನ್ನು ಹಾಗೆ ಕರೆಯುತ್ತಿದ್ದರು. ಬೆಳಗಿನ ಹಾಜರಿ ಮುಗಿದ ಮೇಲೆ ಅವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ, ಆ ದಿನದ ಅತಿ ಕೆಟ್ಟ ಕೆಲಸಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಕೆಲಸ ಹಂಚುವ ಹಾನ್ಸ್ ಫ್ಲೌಮ್ ಅನ್ನುವವನಿಗೆ ಕೈದಿಗಳು ಇಟ್ಟ ಹೆಸರು ದನದ ವ್ಯಾಪಾರಿ. ಸಂತೆಯಲ್ಲಿ ದನದ ಹಲ್ಲು, ಬೆನ್ನು ನೋಡುವ ಹಾಗೆ ಅವನು ಹೆಂಗಸರನ್ನು ನೋಡಿ ಆರಿಸುತ್ತಿದ್ದ.

ಕೆಲಸ ಅಂದರೆ ಎಂಥದ್ದು? ಕೆರೆಯ ಹತ್ತಿರದ ಮರಳು ಸಲಿಕೆಯಲ್ಲಿ ಎತ್ತಿ ಪಕ್ಕದವಳ ಗುಡ್ಡೆಗೆ ಹಾಕಬೇಕು. ಅವಳು ತನ್ನ ಪಕ್ಕದವಳಿಗೆ. ಸುತ್ತು ತಿರುಗಿ ಮರಳು ಮತ್ತೆ ಮೊದಲಿನ ಜಾಗಕ್ಕೇ. ಸಂಜೆಯ ತನಕ ಇದೇ. ಕ್ಯಾಂಪಿನ ರಸ್ತೆ ಸಮ ಮಾಡುವ ದೊಡ್ಡ ರೋಲರ್ ಇತ್ತು, ನಮ್ಮಲ್ಲಿ ಎಂಜಿನ್ ಕಟ್ಟಿ ಎಳೆಸುವಂಥದ್ದು. ಅದಕ್ಕೆ ಹೆಂಗಸರನ್ನೇ ಹೂಡುತ್ತಿದ್ದರು. ಆ ರೋಲರ್ ಇವತ್ತಿಗೂ ಅಲ್ಲಿದೆ, ನೋಡಲು ಬಂದವರಿಗೆ ತೋರಿಸುತ್ತಾರೆ. ಹೊಲಿಗೆ ಕೋಣೆಗಳಲ್ಲಿ ಎಸ್‌ಎಸ್ ಸಮವಸ್ತ್ರ ಹೊಲಿಯಬೇಕು, ಹಗಲು ಪಾಳಿ, ರಾತ್ರಿ ಪಾಳಿ. ಕ್ಯಾಂಪಿನ ಪಕ್ಕದಲ್ಲೇ ಸೀಮೆನ್ಸ್ ಕಂಪನಿಯ ಶೆಡ್ಡುಗಳು ಇದ್ದವು. 1942ರಿಂದ ಕೈದಿಗಳು ಅಲ್ಲಿ ಯುದ್ಧದ ಉಪಕರಣಗಳ ಸಣ್ಣ ಸಣ್ಣ ಭಾಗ ಮಾಡುತ್ತಿದ್ದರು. ಅಲ್ಲಿ ಸೂರು ಇತ್ತು, ಚಳಿಗೆ ಸ್ವಲ್ಪ ಮರೆ ಇತ್ತು. ಆದರೂ ಜೆರ್ಮೇನ್ ಮತ್ತು ಅವರ ಗೆಳತಿಯರಲ್ಲಿ ಕೆಲವರು ಬೇಕಂತಲೇ 'ಫೆರ್‌ಫ್ಯೂಗ್‌ಬಾರ್' ಆಗಿ ಉಳಿದರು. ತಮ್ಮ ದೇಶದ ಮೇಲೆ ಬೀಳುವ ಬಾಂಬಿನ ಬಿಡಿಭಾಗವನ್ನು ತಮ್ಮ ಕೈಯಿಂದ ಮಾಡಬಾರದು ಅಂತ. ಅದಕ್ಕಾಗಿ ದಿನಾ ಬೆಳಗ್ಗೆ ಕಣ್ಣು ತಪ್ಪಿಸಿ ಮಂಚದ ಅಡಿ, ಸೂರಿನ ತೊಲೆಗಳ ಸಂದಿ, ಎಲ್ಲಿ ಆದರಲ್ಲಿ ಅಡಗಬೇಕು. ಸಿಕ್ಕರೆ ಏಟು. ಇದು ಜೀವ ಒತ್ತೆ ಇಟ್ಟು ಆಡಿದ ಕಣ್ಣಾಮುಚ್ಚಾಲೆ.

1944ರ ಅಕ್ಟೋಬರ್. ಜೆರ್ಮೇನ್ ಅವರನ್ನು ಸರಕು ಇಳಿಸುವ ಗುಂಪಿಗೆ ಹಾಕಿದರು. ಯುರೋಪಿನ ಎಲ್ಲ ಕಡೆ ದೋಚಿದ ಮಾಲು ರೈಲಿನಲ್ಲಿ ಬಂದು ಬೀಳುತ್ತಿತ್ತು. ಯಾರದೋ ಮನೆಯ ಬಟ್ಟೆಬರೆ, ಪಾತ್ರೆ ಪಗಡಿ, ಎಲ್ಲ. ಅದನ್ನು ಇಳಿಸಿ ವಿಂಗಡಿಸಬೇಕು. ಗೆಳತಿಯರು ಒಂದು ಉಪಾಯ ಮಾಡಿದರು. ಒಂದು ದೊಡ್ಡ ಖಾಲಿ ಮರದ ಪೆಟ್ಟಿಗೆಯೊಳಗೆ ಜೆರ್ಮೇನ್ ಅವರನ್ನು ಕೂರಿಸಿದರು. ಒಂದು ನೋಟ್‌ಬುಕ್, ಪೆನ್ಸಿಲ್ ಹೊಂದಿಸಿ ಕೊಟ್ಟರು. ಹೊರಗೆ ಇವರು ಮಾಲು ಎತ್ತುತ್ತಿದ್ದರೆ ಒಳಗೆ ಅವರು ಬರೆಯುತ್ತಿದ್ದರು. ಬರೆದದ್ದು ಹಾಡುನಾಟಕ. ಹೌದು, ನಗಿಸುವ ಹಾಡುನಾಟಕ. ಹೆಸರು 'ನರಕದಲ್ಲಿ ಫೆರ್‌ಫ್ಯೂಗ್‌ಬಾರ್'. ಒಬ್ಬ ಪ್ರಕೃತಿ ವಿಜ್ಞಾನಿ ವೇದಿಕೆಗೆ ಬಂದು ಹೊಸದಾಗಿ ಪತ್ತೆಯಾದ ಈ ಪ್ರಾಣಿಯ ಬಗ್ಗೆ ಉಪನ್ಯಾಸ ಕೊಡುತ್ತಾನೆ. ಅದು ಏನು ತಿನ್ನುತ್ತದೆ, ಹೇಗೆ ಅಡಗುತ್ತದೆ, ಎಷ್ಟು ದಿನ ಬದುಕುತ್ತದೆ. ನಡುನಡುವೆ ಆ ಪ್ರಾಣಿಗಳೇ ಬಂದು ಹಾಡುತ್ತವೆ. ಧಾಟಿಗಳೆಲ್ಲ ಎಲ್ಲರಿಗೂ ಗೊತ್ತಿದ್ದ ಹಳೆಯವು. ಯಾರಿಗೆ ಯಾವ ಹಾಡು ನೆನಪಿದೆಯೋ ಅದನ್ನು ಗುನುಗಿ ಹೇಳಿಕೊಟ್ಟರು, ಜೆರ್ಮೇನ್ ಅದಕ್ಕೆ ಹೊಸ ಮಾತು ಕಟ್ಟಿದರು.

ಆ ಪೆಟ್ಟಿಗೆಯ ಬಗ್ಗೆ ನಾನು ತುಂಬ ಸಲ ಯೋಚಿಸಿದ್ದೇನೆ. ಹೊರಗಿನವರು ಒಬ್ಬಳ ಪಾಲಿನ ಭಾರವನ್ನೂ ತಾವೇ ಹೊರಬೇಕು. ಸಿಕ್ಕಿಬಿದ್ದರೆ ಎಲ್ಲರಿಗೂ ಶಿಕ್ಷೆ. ಸೂಪಿನ ಲೋಟದಲ್ಲಿ ಗೆಡ್ಡೆಯ ಚೂರು ಯಾರಿಗೆ ಬಿತ್ತು ಅಂತ ನೋಡುವ ಹಸಿವಿನಲ್ಲಿ, ಈ ಹೆಂಗಸರು ಒಬ್ಬಳಿಗೆ ಬರೆಯಲು ಹೊತ್ತು ಕೊಟ್ಟರು. ಯಾಕೆ? ಸಂಜೆ ಅವಳು ಓದಿ ಹೇಳಿದಾಗ ನಗಬೇಕಿತ್ತು. ಒಂದು ಕಡೆ ಆ ಪ್ರಾಣಿಗಳಲ್ಲಿ ಒಬ್ಬಳು ತಾನು ನೀರು, ಗ್ಯಾಸು, ಕರೆಂಟು ಎಲ್ಲ ಅನುಕೂಲ ಇರುವ ಒಳ್ಳೆಯ ಕ್ಯಾಂಪಿಗೆ ಹೋಗುತ್ತೇನೆ ಅನ್ನುತ್ತಾಳೆ. ಗ್ಯಾಸಂತೂ ಖಂಡಿತ ಇರುತ್ತದೆ ಅಂತ ಉಳಿದವರು ದನಿಗೂಡಿಸುತ್ತಾರೆ. ಇದನ್ನು ಓದಿ ನಮಗೆ ನಗು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರು ನಕ್ಕರು. ತಮಗೆ ಏನಾಗುತ್ತಿದೆ ಅನ್ನುವುದು ಅವರಿಗೆ ಪೂರ್ತಿ ಗೊತ್ತಿತ್ತು, ಗೊತ್ತಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಆ ನಗು ಬೇಕಿತ್ತು.

ತಲೆಗೆ ಎಷ್ಟು ಬಾಡಿಗೆ

ಹಾಡುನಾಟಕಕ್ಕಿಂತ ಮುಂಚೆ, 1944ರ ಮಾರ್ಚ್‌ನಲ್ಲಿ, ಜೆರ್ಮೇನ್ ಇನ್ನೊಂದು ಕೆಲಸ ಮಾಡಿದ್ದರು. ತಮ್ಮ ಬ್ಯಾರಕ್ಕಿನ ಹೆಂಗಸರನ್ನು ಕೂರಿಸಿಕೊಂಡು ಈ ಕ್ಯಾಂಪ್ ಹೇಗೆ ನಡೆಯುತ್ತದೆ ಅಂತ ಪಾಠ ಮಾಡಿದರು. ಬಂದ ದಿನದಿಂದ ಕೇಳಿ ಕೇಳಿ ಕೂಡಿಸಿದ ಸುದ್ದಿ ಅದು. ಕಚೇರಿಗಳಲ್ಲಿ ಗುಮಾಸ್ತೆ ಕೆಲಸಕ್ಕೆ ಹಚ್ಚಿದ ಹಳೆಯ ಕೈದಿಗಳಿಂದ, ಜೆಕ್ ಹೆಂಗಸರಿಂದ, ಜರ್ಮನ್ ಕೈದಿಗಳಿಂದ. ಔರೆಸ್‌ನಲ್ಲಿ ಮಾಡಿದ ಹಾಗೇ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಜೊತೆ ತಾಳೆ ನೋಡಿದ್ದರು. ಒಬ್ಬ ಕೈದಿಯನ್ನು ಕಾರ್ಖಾನೆಗೆ ಬಾಡಿಗೆಗೆ ಕೊಟ್ಟರೆ ಎಸ್‌ಎಸ್‌ಗೆ ದಿನಕ್ಕೆ ಎಷ್ಟು ಬರುತ್ತದೆ. ಅವಳ ಊಟಕ್ಕೆ ಎಷ್ಟು ಖರ್ಚು. ನಡುವೆ ಉಳಿಯುವುದು ಎಷ್ಟು. ಅವಳು ದುಡಿಯಲಾರದಷ್ಟು ಸೋತ ಮೇಲೆ ಅನ್ನ ಹಾಕಿ ಇಟ್ಟುಕೊಂಡರೆ ನಷ್ಟ, ಸತ್ತರೆ ಜಾಗಕ್ಕೆ ಇನ್ನೊಬ್ಬಳು ರೈಲಿನಲ್ಲಿ ಬರುತ್ತಾಳೆ.

ಇದನ್ನು ಕೇಳಿದ ಹೆಂಗಸರಿಗೆ ಏನು ಉಪಯೋಗ? ರೊಟ್ಟಿ ಒಂದು ಚೂರೂ ಜಾಸ್ತಿ ಸಿಗಲಿಲ್ಲ. ನಾನಾಗಿದ್ದರೆ ಇನ್ನೂ ಕುಸಿಯುತ್ತಿದ್ದೆನೇನೋ. ಆದರೆ ಜೆರ್ಮೇನ್ ಮುಂದೆ ಹಲವು ಸಲ ಹೇಳಿದ್ದು ಬೇರೆ. ನಮ್ಮನ್ನು ಅರೆಯುತ್ತಿರುವ ಯಂತ್ರ ಹೇಗೆ ತಿರುಗುತ್ತದೆ ಅಂತ ತಿಳಿದರೆ, ಅದರ ಒಂದೊಂದು ಭಾಗವನ್ನೂ ಮನಸ್ಸಿನಲ್ಲಿ ಬಿಚ್ಚಿ ಇಟ್ಟರೆ, ಬುದ್ಧಿ ಸ್ಥಿಮಿತಕ್ಕೆ ಬರುತ್ತದೆ ಅನ್ನುವುದು ಅವರ ಅನುಭವ. ಅರ್ಥವೇ ಆಗದ ಹಿಂಸೆ ಜಾಸ್ತಿ ಭಯಂಕರ. ಯಾವುದೋ ಶಾಪ, ಯಾವುದೋ ಪ್ರಳಯ ಅಂದುಕೊಂಡಷ್ಟು ದಿನ ಕೈಕಾಲು ಆಡುವುದಿಲ್ಲ. ಇದು ಮನುಷ್ಯರು ಮಾಡಿದ್ದು, ಇದಕ್ಕೆ ಲೆಡ್ಜರ್ ಇದೆ, ಸಹಿ ಹಾಕಿದವರಿದ್ದಾರೆ, ಲಾಭ ತಿಂದವರಿದ್ದಾರೆ ಅಂತ ಗೊತ್ತಾದ ಕ್ಷಣ ಸಿಟ್ಟು ಹುಟ್ಟುತ್ತದೆ. ಆ ಸಿಟ್ಟು ಅವರಿಗೆ ಬೇಕಾಗಿತ್ತು. ಲೆಕ್ಕಕ್ಕೇ ಇಲ್ಲ ಅಂತ ತಳ್ಳಿದ ಹೆಂಗಸು ತಳ್ಳಿದವರ ಲೆಕ್ಕ ಹಿಡಿದು ಕೂತಿದ್ದಳು.

ಮಾರ್ಚ್ 2

ಈ ಭಾಗ ಬರೆಯಲು ಕಷ್ಟ. ಜೆರ್ಮೇನ್ ಎಲ್ಲವನ್ನೂ ಅರ್ಥ ಮಾಡಿಕೊಂಡಿದ್ದರು, ಸರಿ. ಆದರೆ 1944ರ ಫೆಬ್ರವರಿಯಲ್ಲಿ ಫ್ರಾನ್ಸಿನಿಂದ ಸಾವಿರದ ಹತ್ತಿರ ಹೆಂಗಸರನ್ನು ತುಂಬಿಕೊಂಡು ಬಂದ ರೈಲಿನಿಂದ ಇಳಿದವರಲ್ಲಿ ಎಮಿಲಿಯೂ ಇದ್ದರು. ಒಂದೂವರೆ ವರ್ಷದಿಂದ ದೂರವಾಗಿದ್ದ ಅಮ್ಮ. ಎಲ್ಲಿದ್ದರೂ ಇರಲಿ, ಇಲ್ಲಿಗೆ ಮಾತ್ರ ಬರದಿರಲಿ ಅಂತ ಮಗಳು ಬೇಡಿಕೊಂಡಿರಬೇಕು. ಅಮ್ಮ ಬಂದೇ ಬಂದರು. ಬಿಳಿ ಕೂದಲಿನ ಅಮ್ಮ.

ಬಿಳಿ ಕೂದಲು ಅಲ್ಲಿ ಸಾವಿನ ಗುರುತು. 1945ರ ಆರಂಭದಲ್ಲಿ ರಾವೆನ್ಸ್‌ಬ್ರೂಕ್‌ನಲ್ಲಿ ಗ್ಯಾಸ್ ಕೋಣೆ ಕಟ್ಟಿದರು. ರಷ್ಯನ್ ಸೈನ್ಯ ಹತ್ತಿರ ಬರುತ್ತಿತ್ತು, ಬೇರೆ ಕ್ಯಾಂಪುಗಳಿಂದ ಓಡಿಸಿಕೊಂಡು ಬಂದ ಕೈದಿಗಳಿಂದ ಬ್ಯಾರಕ್ಕುಗಳು ತುಂಬಿ ತುಳುಕುತ್ತಿದ್ದವು. ದುಡಿಯಲಾರದವರನ್ನು ಆರಿಸಿ ಆರಿಸಿ ಕೊಲ್ಲತೊಡಗಿದರು. ಕೆಲವೇ ತಿಂಗಳಲ್ಲಿ ಹೀಗೆ ಸತ್ತವರು ಐದಾರು ಸಾವಿರ. ಸಾಲು ನಿಲ್ಲಿಸಿ, ಊದಿದ ಕಾಲು ಯಾರದು, ನರೆತ ತಲೆ ಯಾರದು ಅಂತ ನೋಡುತ್ತಿದ್ದರು. ಗೆಳತಿಯರು ವಯಸ್ಸಾದವರ ಕೂದಲಿಗೆ ಮಸಿ ಬಳಿಯುತ್ತಿದ್ದರು, ಕೆನ್ನೆ ಚಿವುಟಿ ಕೆಂಪು ತರಿಸುತ್ತಿದ್ದರು.

ಮಾರ್ಚ್ 2ರಂದು ಜೆರ್ಮೇನ್ ಜ್ವರದಿಂದ ಬಳಲುತ್ತ ಕ್ಯಾಂಪಿನ ಆಸ್ಪತ್ರೆ ಕೋಣೆಗೆ ಬಂದಿದ್ದರು. ಅಲ್ಲಿ ಮಾರ್ಗರೆಟೆ ಬೂಬರ್-ನಾಯ್‌ಮನ್ ಮಲಗಿದ್ದರು. ಈ ಜರ್ಮನ್ ಹೆಂಗಸಿನದೇ ಒಂದು ದೊಡ್ಡ ಕಥೆ. ಮೊದಲು ಸ್ಟಾಲಿನ್‌ನ ಶ್ರಮ ಶಿಬಿರ, ಅಲ್ಲಿಂದ 1940ರಲ್ಲಿ ರಷ್ಯನ್ನರೇ ಹಿಟ್ಲರನ ಕೈಗೆ ಒಪ್ಪಿಸಿದರು, ಆಮೇಲೆ ರಾವೆನ್ಸ್‌ಬ್ರೂಕ್. ಆ ದಿನ ಆರಿಸುವವರು ಬರುತ್ತಿದ್ದಾರೆ ಅಂತ ಗೊತ್ತಾದಾಗ ಅವರು ಜೆರ್ಮೇನ್ ಅವರನ್ನು ತಮ್ಮದೇ ಮಂಚಕ್ಕೆ ಎಳೆದುಕೊಂಡು ಹೊದಿಕೆಯ ಅಡಿಯಲ್ಲಿ ಮುಚ್ಚಿದರು. ಇಕ್ಕಟ್ಟಿನ ಮಂಚ. ಮೇಲೆ ಒಬ್ಬರು ಕಾಯಿಲೆಯವರು, ಕೆಳಗೆ ಉಸಿರು ಬಿಗಿಹಿಡಿದ ಇನ್ನೊಬ್ಬರು. ಜೆರ್ಮೇನ್ ಉಳಿದರು. ಅದೇ ಹೊತ್ತಿಗೆ ಆಚೆ ಕಡೆ ಎಮಿಲಿಯವರನ್ನು ಆರಿಸಿ ಒಯ್ದರು. ಆಗ ಅವರ ಜೊತೆಗಿದ್ದದ್ದು ಅನೀಸ್ ಜಿರಾರ್, ಜೆರ್ಮೇನ್ ಜೊತೆಗೇ ಜರ್ಮನಿಗೆ ಬಂದಿದ್ದ ಚಿಕ್ಕ ವಯಸ್ಸಿನ ಗೆಳತಿ. ಬಿಡಿಸಿಕೊಳ್ಳಲು ಅವರಿಂದ ಆಗಲಿಲ್ಲ. ಆ ಸುದ್ದಿಯನ್ನು ಮಗಳಿಗೆ ಹೇಳುವ ಕೆಲಸವೂ ಅವರ ಪಾಲಿಗೇ ಬಂತು. ಎಮಿಲಿಗೆ 69 ವರ್ಷ ಆಗಿತ್ತು.

ಹೊದಿಕೆಯ ಕೆಳಗಿನ ಆ ಒಂದು ಗಳಿಗೆಯ ಎದುರು ಗಟ್ಟಿಗಿತ್ತಿ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಮಗಳು ಬದುಕಿದ್ದಕ್ಕೂ ಅಮ್ಮ ಸತ್ತದ್ದಕ್ಕೂ ಗಟ್ಟಿತನಕ್ಕೂ ಏನು ಸಂಬಂಧ? ಆ ಹೊತ್ತಿಗೆ ಯಾರು ಎಲ್ಲಿ ನಿಂತಿದ್ದರು ಅನ್ನುವುದಷ್ಟೇ. ಇದನ್ನು ಎಲ್ಲರಿಗಿಂತ ನೇರವಾಗಿ ಹೇಳಿದವರು ಜೆರ್ಮೇನ್ ಅವರೇ. ತಾನು ಉಳಿದದ್ದಕ್ಕೆ ಮೊದಲ ಕಾರಣ ಅದೃಷ್ಟ ಅಂದರು. ಆಮೇಲೆ ಸಿಟ್ಟು, ಈ ಅಪರಾಧಗಳನ್ನು ಬಯಲಿಗೆಳೆಯುವ ಹಟ. ಕೊನೆಗೆ ಗೆಳತಿಯರ ಒಗ್ಗಟ್ಟು. ಬದುಕಬೇಕು ಅನ್ನುವ ಒಳಗಿನ ಆಸೆ ತನಗೆ ಹೊರಟೇ ಹೋಗಿತ್ತು ಅಂತಲೂ ಅಂದರು. ಬದುಕುವ ಆಸೆಯೇ ಬದುಕಿಸಿತು ಅಂತ ನಾವು ಬರೆಯುವ ಕಥೆಗಳ ಪಕ್ಕದಲ್ಲಿ ಈ ಮಾತನ್ನು ಇಟ್ಟು ನೋಡಬೇಕು.

ಅದೃಷ್ಟ ಅಂದಾಗ ನಮಗೆ ಪರಿಚಯದ ಒಂದು ಹೆಸರೂ ನೆನಪಾಗುತ್ತದೆ. ಟಿಪ್ಪುವಿನ ವಂಶದ ನೂರ್ ಇನಾಯತ್ ಖಾನ್. ಬ್ರಿಟಿಷರ ಪರವಾಗಿ ಪ್ಯಾರಿಸ್ಸಿನಿಂದ ರಹಸ್ಯ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದವರು. ಅವರೂ 'ರಾತ್ರಿ ಮತ್ತು ಮಂಜಿ'ನವರೇ. ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಕೈಕಾಲಿಗೆ ಬೇಡಿ. ಊಟದ ಬಟ್ಟಲಿನ ತಳದಲ್ಲಿ ಗೀಚಿ ಪಕ್ಕದ ಕೋಣೆಯ ಫ್ರೆಂಚ್ ಕೈದಿಗಳಿಗೆ ಸುದ್ದಿ ಕಳಿಸುತ್ತಿದ್ದರಂತೆ. 1944ರ ಸೆಪ್ಟೆಂಬರ್ 13ರಂದು ಡಾಖಾವ್‌ನಲ್ಲಿ ಕೊಂದರು, ವಯಸ್ಸು 30. ಆ ಬಟ್ಟಲಿನ ಸಂಗತಿ ನಮಗೆ ಗೊತ್ತಾದದ್ದು ಆ ಜೈಲಿನಿಂದ ಜೀವಂತ ಬಂದ ಒಬ್ಬ ಫ್ರೆಂಚ್ ಹೆಂಗಸು ಅದನ್ನು ನೆನಪಿಟ್ಟು ಹೇಳಿದ್ದರಿಂದ.

ಜೇಬಿನಲ್ಲಿದ್ದದ್ದು

ಅಡುಗೆಯ ಕಾಗದದ ಜೊತೆ ಜೆರ್ಮೇನ್ ಹೊರಗೆ ತಂದ ಇನ್ನೊಂದು ವಸ್ತು ಇದೆ. ತೊಳೆಯದ ಒಂದು ಫಿಲ್ಮ್ ರೋಲ್. ರಾವೆನ್ಸ್‌ಬ್ರೂಕ್‌ನಲ್ಲಿ 1942ರಿಂದ ಎಸ್‌ಎಸ್ ವೈದ್ಯರು ಪೋಲೆಂಡಿನ 74 ಹುಡುಗಿಯರ ಕಾಲು ಕೊಯ್ದು, ಗಾಯಕ್ಕೆ ಕೊಳಕು ತುಂಬಿ, ಔಷಧದ ಪ್ರಯೋಗ ಮಾಡಿದ್ದರು. ಕ್ಯಾಂಪಿನಲ್ಲಿ ಅವರನ್ನು ಮೊಲಗಳು ಅನ್ನುತ್ತಿದ್ದರು. ಕುಂಟುತ್ತ ಬದುಕಿದ್ದ ಆ ಹುಡುಗಿಯರು ಕದ್ದು ತರಿಸಿಕೊಂಡ ಕ್ಯಾಮೆರಾದಲ್ಲಿ ತಮ್ಮ ಕಾಲುಗಳ ಫೋಟೊ ತೆಗೆಸಿಕೊಂಡರು. ನಾವು ಸತ್ತರೂ ಇದು ಉಳಿಯಬೇಕು ಅಂತ. ಆ ರೋಲನ್ನು ಜೆರ್ಮೇನ್ ಕೈಗೆ ಕೊಟ್ಟರು. ಅವರು ಅದನ್ನು ಕೊಳೆ ಬಟ್ಟೆಯಲ್ಲಿ ಸುತ್ತಿ ತಿಂಗಳುಗಟ್ಟಲೆ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಒಂದು ಸಲ ಸರಿಯಾಗಿ ತಪಾಸಣೆ ಆಗಿದ್ದರೆ ಎಲ್ಲರ ಕಥೆ ಮುಗಿಯುತ್ತಿತ್ತು. ಹಾಡುನಾಟಕದ ನೋಟ್‌ಬುಕ್ಕನ್ನು ಹೊರಗೆ ತಂದವರು ಗೆಳತಿ ಜಾಕ್ಲೀನ್ ದಾಲಾಂಕೂರ್. ಅದು ಪುಸ್ತಕವಾಗಿ ಬಂದದ್ದು 2005ರಲ್ಲಿ, ರಂಗದ ಮೇಲೆ ಬಂದದ್ದು 2007ರಲ್ಲಿ, ಪ್ಯಾರಿಸ್ಸಿನ ಶಾತ್ಲೆ ಥಿಯೇಟರಿನಲ್ಲಿ. ಆಗ ಜೆರ್ಮೇನ್ ಅವರಿಗೆ ನೂರು ತುಂಬಿತ್ತು. ಮುಂದಿನ ವರ್ಷ ತೀರಿಕೊಂಡರು.

ಇಷ್ಟೊಂದು ಹಟ ಹಿಡಿದು ಲೆಕ್ಕ ಇಡಬೇಕಿತ್ತಾ ಅಂತ ಕೇಳುವವರಿಗೆ ಒಂದು ಸಂಗತಿ ಹೇಳುತ್ತೇನೆ. 1968ರಲ್ಲಿ, ಯುದ್ಧ ಮುಗಿದು 23 ವರ್ಷಕ್ಕೆ, ಫ್ರಾನ್ಸಿನ ಒಬ್ಬ ಇತಿಹಾಸಕಾರ್ತಿ ರಾವೆನ್ಸ್‌ಬ್ರೂಕ್‌ನಲ್ಲಿ ಗ್ಯಾಸ್ ಕೋಣೆ ಇತ್ತು ಅನ್ನುವುದನ್ನೇ ಅನುಮಾನಿಸಿ ಬರೆದರು. ಅವರು ನಾಜಿಗಳ ಪರದವರಲ್ಲ, ಗಂಭೀರವಾಗಿ ಕೆಲಸ ಮಾಡಿದವರೇ. ಆದರೂ ಬರೆದರು. ಅಮ್ಮನನ್ನು ಕಳೆದುಕೊಂಡ ಜಾಗವೇ ಇರಲಿಲ್ಲ ಅಂತ ಒಂದು ದಿನ ಓದಬೇಕಾಗಿ ಬಂದರೆ ಹೇಗಿರುತ್ತದೆ? ಜೆರ್ಮೇನ್ ಕಿರುಚಾಡಲಿಲ್ಲ. ಕ್ಯಾಂಪಿನ ಬಗ್ಗೆ ಮೊದಲೇ ಬರೆದಿದ್ದ ತಮ್ಮ ಪುಸ್ತಕವನ್ನು ಮತ್ತೆ ಬರೆಯಲು ಕೂತರು. ಯಾವ ತಾರೀಕು, ಯಾರು ನೋಡಿದರು, ಆರೋಪಿಗಳೇ ವಿಚಾರಣೆಯಲ್ಲಿ ಏನು ಒಪ್ಪಿಕೊಂಡರು, ಯಾವ ಪಟ್ಟಿಯಲ್ಲಿ ಎಷ್ಟು ಹೆಸರು. 1973ರಲ್ಲಿ ಅದು ಹೊರಬಂತು. 1988ರಲ್ಲಿ ಮತ್ತೊಮ್ಮೆ ತಿದ್ದಿ ಬರೆದರು. ಒಂದೇ ಕ್ಯಾಂಪಿನ ಬಗ್ಗೆ ಜೀವಮಾನದಲ್ಲಿ ಮೂರು ಸಲ.

ತಮ್ಮ ದೇಶವೇ ತಪ್ಪು ಮಾಡಿದಾಗಲೂ ಅದೇ ಕಣ್ಣು. ಅಲ್ಜೀರಿಯಾ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದಾಗ ಫ್ರೆಂಚ್ ಸೈನ್ಯ ಅಲ್ಲಿನವರಿಗೆ ಚಿತ್ರಹಿಂಸೆ ಕೊಡುತ್ತಿತ್ತು. 1957ರಲ್ಲಿ ಜೆರ್ಮೇನ್ ಅಲ್ಲಿನ ಜೈಲುಗಳಿಗೆ ಹೋಗಿ ಕೈದಿಗಳನ್ನು ಕಂಡರು, ಕಂಡದ್ದನ್ನು ಹೇಳಿದರು. ಜುಲೈ 4ರಂದು ಆಲ್ಜಿಯರ್ಸ್‌ನ ಕಸಬಾದ ಓಣಿಯೊಳಗೆ ಬಂಡುಕೋರರ ನಾಯಕ ಯಾಸೆಫ್ ಸಾದಿಯನ್ನು ಗುಟ್ಟಾಗಿ ಭೇಟಿಯಾದರು. ನೀವು ಬಾಂಬು ನಿಲ್ಲಿಸಿ, ಅವರು ಗಲ್ಲಿಗೇರಿಸುವುದನ್ನು ನಿಲ್ಲಿಸಲಿ ಅಂತ ಎರಡೂ ಕಡೆ ಓಡಾಡಿದರು. ಅದು ಹೆಚ್ಚು ದಿನ ನಡೆಯಲಿಲ್ಲ. ಎರಡೂ ಕಡೆಯಿಂದ ಬೈಸಿಕೊಂಡರು. 2015ರ ಮೇ 27ರಂದು ಅವರನ್ನು ಫ್ರಾನ್ಸ್ ತನ್ನ ಮಹನೀಯರನ್ನು ಇರಿಸುವ ಪ್ಯಾಂಥಿಯನ್‌ಗೆ ಸೇರಿಸಿದಾಗ ಪೆಟ್ಟಿಗೆಯಲ್ಲಿ ಇದ್ದದ್ದು ಅವರ ಸಮಾಧಿಯ ಮಣ್ಣು ಮಾತ್ರ. ದೇಹವನ್ನು ಮನೆಯವರ ನಡುವೆಯೇ ಬಿಟ್ಟರು. ಎಮಿಲಿಯವರಿಗೆ ಅಂಥ ಹಿಡಿ ಮಣ್ಣೂ ಇಲ್ಲ.

ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಇದೆಲ್ಲಕ್ಕಿಂತ ಹಿಂದಿನ ಒಂದು ವಾರ. 1945ರ ಏಪ್ರಿಲ್ 23. ಸ್ವೀಡನ್ನಿನ ರೆಡ್ ಕ್ರಾಸ್ ಬಸ್ಸುಗಳು ಬಂದು ಫ್ರೆಂಚ್ ಹೆಂಗಸರನ್ನು ಹತ್ತಿಸಿಕೊಂಡವು. ಕೊನೆಗೆ ಸ್ವೀಡನ್ನಿನ ಯಾಟೆಬೋರಿ (ಗೋಥೆನ್‌ಬರ್ಗ್) ಊರಿಗೆ ತಲುಪಿಸಿದರು. ಬಿಸಿ ಊಟ, ಒಗೆದ ಬಟ್ಟೆ, ಮಲಗಲು ಮಂಚ. ಅಮ್ಮ ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಜೆರ್ಮೇನ್ ಒಂದಿಷ್ಟು ಕಾಗದ ಕೇಳಿ ಪಡೆದುಕೊಂಡು ಹೆಂಗಸರನ್ನು ವಿಚಾರಿಸಲು ಕೂತರು. ನೀವು ಯಾವ ರೈಲಿನಲ್ಲಿ ಬಂದಿರಿ? ಯಾವ ದಿನ? ನಿಮ್ಮ ಜೊತೆ ಎಷ್ಟು ಜನ ಇಳಿದರು? ಅವರಲ್ಲಿ ಯಾರು ಯಾರನ್ನು ಕೊನೆಯ ಸಲ ಎಲ್ಲಿ ನೋಡಿದಿರಿ? ಒಬ್ಬರು ಹೇಳಿದ್ದು ಇನ್ನೊಬ್ಬರ ಮಾತಿಗೆ ತಾಳೆ ಆಗದಿದ್ದರೆ ಮತ್ತೆ ಕೇಳುತ್ತಿದ್ದರು.